ಒಂದೇ ಸೂಲಿನ ಎರಡು ಮರಿಗಳು

ಅತ್ತೆಯ ಮಡಿಲಲ್ಲಿ ನಾಯಿಮರಿ ಕೂತಿರುವುದನ್ನು ಕಂಡಾಗ ಸಿತಾಬಿಲೆಗೆ ಮೊದಲು ನಗು ಬಂತು, ಆಮೇಲೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ನಾಯಿ ಅಂದರೆ ಅಡುಗೆಮನೆ ಬಾಗಿಲಿನಿಂದ ಹತ್ತು ಮಾರು ದೂರ ಇರಬೇಕು ಎನ್ನುತ್ತಿದ್ದ ಮುದುಕಿ ಅದು. ಈಗ ತನ್ನ ಬಟ್ಟಲಿನ ಮೊಸರನ್ನೇ ಬೆರಳಲ್ಲಿ ತೆಗೆದು ಮರಿಯ ಬಾಯಿಗೆ ಸವರುತ್ತಿದ್ದಳು.

"ನೋಡೇ ಮಾಸಿಬಾಂಡ, ನಮ್ಮ ಮಾಚುಮ ಏನು ತಂದಿದ್ದಾಳೆ ಅಂತ. ಸಿಂಹದ ಮರಿ!"

ಬುಲವಾಯೊದಲ್ಲಿ ಮದುವೆಯಾದ ಹೆಣ್ಣನ್ನು ಅವಳ ತವರಿನ ಕುಲದಿಂದಲೇ ಕರೆಯುತ್ತಾರೆ. ಸಿಬಾಂಡರ ಮನೆಯ ಸಿತಾಬಿಲೆ ಮಾಸಿಬಾಂಡಳಾದಳು, ಅವಳ ಮೈದುನ ಕಟ್ಟಿಕೊಂಡ ಚುಮಾಗಳ ಹುಡುಗಿ ಮಾಚುಮ. ಇಬ್ಬರೂ ಒಂದೇ ಮನೆಯ ಸೊಸೆಯರು, ವಾರಗಿತ್ತಿಯರು.

ಮರಿ ನಿಜಕ್ಕೂ ಚೆಂದವಿತ್ತು. ಹುರಿದ ಗೋಧಿಯ ಬಣ್ಣ. ಬೆನ್ನುದ್ದಕ್ಕೂ ಕೂದಲು ಹಿಂದುಮುಂದಾಗಿ ಬೆಳೆದು ಕತ್ತಿಯ ಅಲಗಿನಂಥ ಒಂದು ಪಟ್ಟೆ. ಪಟ್ಟೆಯ ಮೇಲ್ತುದಿಯಲ್ಲಿ, ಹೆಗಲ ಹಿಂದೆ, ಅಳೆದು ಇಟ್ಟಂತೆ ಎದುರುಬದುರು ಎರಡು ಸುಳಿ. ಅಪ್ಪಟ ರಿಡ್ಜ್‌ಬ್ಯಾಕ್, ಸಿಂಹದ ಬೇಟೆಗೆಂದು ಬೆಳೆಸಿದ ತಳಿ. ಪಕ್ಕದ ಊರು ಎಸಿಗೊಡಿನಿಯ ಗುಮೆಡೆ ಅಜ್ಜನ ಹತ್ತಿರ ಕೊಂಡದ್ದಂತೆ. ನಾಯಿ ಸಾಕುವುದರಲ್ಲಿ ಆ ಅಜ್ಜನ ಹೆಸರು ಗೊತ್ತಿಲ್ಲದವರಿಲ್ಲ.

"ಹೆಸರೇನಿಟ್ಟೆ?" ಎಂದು ಸಿತಾಬಿಲೆ ಕೇಳಿದಳು.

"ಖುಲುಮಾನಿ," ಅಂದಳು ಮಾಚುಮ, ಎಂದಿನ ಮೆಲುದನಿಯಲ್ಲಿ.

ಆಡಿಕೊಳ್ಳಿ ಎಂದು ಅರ್ಥ. ನೆರೆಯವರ ಮುಖಕ್ಕೆ ಹೇಳಲಾಗದ್ದನ್ನು ನಾಯಿಗೆ ಹೆಸರಾಗಿಟ್ಟು, ದಿನಕ್ಕೆ ಹತ್ತು ಸಲ ಬೇಲಿಯಾಚೆಗೆ ಕೇಳುವಂತೆ ಕೂಗುವುದು ಅಲ್ಲಿನವರ ರೂಢಿ. ಆಡಿಕೊಳ್ಳುವವರು ಯಾರು ಎಂದು ಸಿತಾಬಿಲೆ ಕೇಳಲಿಲ್ಲ. ಅದು ತನಗೇ ಬಿಟ್ಟ ಬಾಣ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅವಳ ಹೊಟ್ಟೆಕಿಚ್ಚು ಹೊಸದೇನಲ್ಲ. ಆ ಮನೆಗೆ ಅವಳು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದು ಬಂದ ದುಡ್ಡನ್ನು ಕಿರಿಯ ನಾದಿನಿಯರಿಬ್ಬರ ಓದಿಗೆ ಹಾಕಿದ್ದಳು. ಅತ್ತೆ ಸೊಂಟ ಮುರಿದುಕೊಂಡಾಗ ಆರು ತಿಂಗಳು ಎತ್ತಿ ಇಳಿಸಿದ್ದಳು. ಒಂಬತ್ತು ವರ್ಷದ ಹಿಂದೆ ಬಂದ ಮಾಚುಮ ಇದ್ಯಾವುದನ್ನೂ ಮಾಡಿರಲಿಲ್ಲ. ಸುಮ್ಮನೆ ಬಂದು ಕೂತು ನಗುತ್ತಿದ್ದಳು, ಮನೆಯ ಮಂದಿಯೆಲ್ಲ ಅವಳ ಸುತ್ತ ಸೇರುತ್ತಿದ್ದರು. ಮಾಚುಮಳ ಗಂಡ ಗಡಿಯಾಚೆ ಫ್ರಾನ್ಸಿಸ್‌ಟೌನಿನಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಅವಳಿಗೆ ಏನಾದರೊಂದು ಬರುತ್ತಿತ್ತು. ಈಗ ನಾಯಿ.

ಮುಂದಿನ ಶನಿವಾರವೇ ಸಿತಾಬಿಲೆ ಗಂಡ ಬುಸಾನಿಯನ್ನು ಎಳೆದುಕೊಂಡು ಎಸಿಗೊಡಿನಿಗೆ ಹೊರಟಳು. ಲೆಕ್ಕದ ಮೇಷ್ಟ್ರಾದ ಬುಸಾನಿ ಅಜ್ಜನ ಗೇಟಿನ ಹತ್ತಿರ ಕಾರು ನಿಲ್ಲಿಸಿ ಕೇಳಿದ: "ನಿನಗೆ ನಾಯಿ ಬೇಕೋ, ಮಾಚುಮಳ ನಾಯಿ ಬೇಕೋ?"

"ಸುಮ್ನೆ ಇಳೀರಿ," ಅಂದಳು.

ಗುಮೆಡೆ ಅಜ್ಜ ಮುಂಗೈಯಿಂದ ಬಿಸಿಲು ಮರೆಮಾಡಿಕೊಂಡು ಅವರನ್ನು ನೋಡಿದ. ಕಣ್ಣಲ್ಲಿ ಪೊರೆ ಬಂದಿತ್ತು. ಹಿತ್ತಿಲಿನಲ್ಲಿ ಉಳಿದಿದ್ದುದು ಒಂದೇ ಮರಿ.

"ಕೊಡಲ್ಲ ಅಂತಲ್ಲ ಮಗಳೇ, ಈಗ ಕೊಡಲ್ಲ. ಇನ್ನೊಂದು ತಿಂಗಳು ನನ್ನ ಹತ್ರಾನೇ ಇರ್ಲಿ."

"ಯಾಕೆ ಖುಲು, ಕಾಯಿಲೆನಾ?" ಅಜ್ಜಂದಿರನ್ನೆಲ್ಲ ಕರೆಯುವಂತೆ ಅವಳು ಅವನನ್ನೂ ಖುಲು ಎಂದಳು.

"ಕಾಯಿಲೆ ಅಲ್ಲ. ಇವನಿಗೆ ಸುಳಿ ಮೂರು, ಪ್ರದರ್ಶನಕ್ಕೆ ನಡೆಯಲ್ಲ, ಅದು ಬಿಡು. ಈ ಜಾತಿಯಲ್ಲಿ ಕೆಲವು ಮರಿಗಳಿಗೆ ಕತ್ತಿನ ಚರ್ಮದ ಕೆಳಗೆ ದಾರದಂಥದ್ದೊಂದು ಇರ್ತದೆ. ಸಣ್ಣ ಕೊಳವೆ ಅಂದ್ಕೋ. ಹುಟ್ಟುತ್ತಲೇ ಬರೋದು, ಬೆನ್ನುಹುರಿಗಂಟ ಇಳಿದಿರ್ತದೆ. ಕೀವಾದ್ರೆ ಜೀವಕ್ಕೇ ಕುತ್ತು. ಎಲ್ಲಾ ಮರೀನೂ ಹಿಚುಕಿ ನೋಡಿದೀನಿ, ಸಿಕ್ಕಿಲ್ಲ. ಆದ್ರೂ ಬೆಳೀತಾ ಇನ್ನೊಂದ್ಸಲ ನೋಡ್ಬೇಕು."

"ಮಾಚುಮಂಗೆ ಕೊಟ್ರಲ್ಲ? ಅವಳು ನನ್ನ ವಾರಗಿತ್ತಿ."

"ಅವಳು ನಾಲ್ಕು ಸಲ ಬಂದು ಹೋದಳು. ಬಂದಾಗೆಲ್ಲ ತಾಯಿನಾಯಿಗೆ ಅಂತ ಮೂಳೆ ತರ್ತಿದ್ದಳು. ಚೆನ್ನಾಗಿ ನೋಡ್ಕೋತಾಳೆ ಅಂತ ನಂಬಿ ಕೊಟ್ಟೆ."

ಇಲ್ಲೂ ಅವಳೇ. ಸಿತಾಬಿಲೆ ಪಟ್ಟು ಬಿಡಲಿಲ್ಲ. ಒಂದು ಗಂಟೆ ಬೇಡಿದಳು, ಮುನಿಸಿಕೊಂಡಳು, ಒಂದೇ ಮನೆಯ ಸೊಸೆಯರಲ್ಲಿ ಭೇದ ಮಾಡುತ್ತೀರಿ ಎಂದಳು. ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಎಣಿಸುತ್ತಿದ್ದ ಅಜ್ಜನಿಗೂ ಸಾಕಾಯಿತು. ಹುಟ್ಟಿನ ದೋಷ ಕಂಡರೆ ಮೊದಲು ತನಗೆ ತಿಳಿಸಬೇಕು, ತಾನು ಮರಿಯನ್ನು ವಾಪಸು ಪಡೆಯುತ್ತೇನೆ, ಇಲ್ಲವೇ ಚಿಕಿತ್ಸೆಯ ಅರ್ಧ ಕೊಡುತ್ತೇನೆ ಎಂದು ಕಾಗದದ ಮೇಲೆ ಬರೆದು, ಓದಿಸಿ, ಮರಿಯನ್ನು ಅವಳ ಕೈಗಿತ್ತ.

ಅವಳು ಅದಕ್ಕೆ ಸಿಝಬೋನ ಎಂದು ಹೆಸರಿಟ್ಟಳು. ನೋಡೋಣ ಎಂದು ಅರ್ಥ.

ಅಷ್ಟು ಅವಸರವಿದ್ದುದು ಮರುವಾರ ಹಿರಿಯ ನಾದಿನಿಯ ಮಗಳಿಗೆ ಗಂಡಿನವರು ಕೊಡಬೇಕಾದ ವಧುದಕ್ಷಿಣೆಯ ಮಾತುಕತೆ ಇತ್ತೆಂದು. ಅಂದು ಎರಡೂ ಕಡೆಯ ನೆಂಟರು ಸೇರಿದ್ದ ಅಂಗಳಕ್ಕೆ ಸಿತಾಬಿಲೆ ಕೆಂಪು ಪಟ್ಟಿ ಕಟ್ಟಿದ ಮರಿಯೊಂದಿಗೆ ಬಂದಳು. ಮಾಚುಮ ಖುಷಿಯಿಂದ ಓಡಿಬಂದು ಮೊಣಕಾಲೂರಿ ಕೂತು ಅದರ ಬೆನ್ನು ಸವರಿದಳು.

"ಅಯ್ಯೋ, ಇವನಿಗೆ ಮೂರು ಸುಳಿ! ಎಷ್ಟು ಮುದ್ದಾಗಿದೆ!"

"ಒಂದು ಜಾಸ್ತಿ ಕೊಟ್ಟಿದಾನಲ್ಲಮ್ಮ ಅಜ್ಜ, ಕೊಸರು!" ಎಂದ ಗಂಡಿನ ಕಡೆಯ ಯಾರೋ ಚಿಕ್ಕಪ್ಪ. ಅಂಗಳವೆಲ್ಲ ನಕ್ಕಿತು. ಬುಸಾನಿಯೂ ನಕ್ಕ. ಮಾಚುಮ ಬೇಕೆಂದೇ ಗಟ್ಟಿಯಾಗಿ ಹೇಳಿದಳೆಂದು ಸಿತಾಬಿಲೆಗೆ ಅನ್ನಿಸಿತು. ಅಂದಿನಿಂದ ಆ ಮರಿಗೆ ಮನೆಯಲ್ಲಿ 'ಕೊಸರು' ಎಂದೇ ಹೆಸರಾಯಿತು. ಸಿಝಬೋನ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ಅಕ್ಟೋಬರಿನ ಸುಡುಬಿಸಿಲಲ್ಲಿ ಒಂದು ಬೆಳಗ್ಗೆ ಅದರ ಕತ್ತಿನ ಮೇಲೆ ನಿಂಬೆಕಾಯಿ ಗಾತ್ರದ ಗಂಟು ಕಂಡಿತು. ನಡುವೆ ಒಂದು ಸಣ್ಣ ತೂತು, ತೂತಿನಿಂದ ಹೊರಟ ನಾಲ್ಕು ಕೂದಲು ಒದ್ದೆಯಾಗಿದ್ದವು. ಪೇಟೆಯ ಪಶುವೈದ್ಯೆ ಒಂದೇ ನೋಟಕ್ಕೆ ಹೇಳಿದಳು, ಹುಟ್ಟಿನಿಂದ ಬಂದ ಕೊಳವೆ, ಒಳಗೆ ಕೀವಾಗಿದೆ, ಕತ್ತರಿಸಿ ತೆಗೆಯಬೇಕು.

ಸಿತಾಬಿಲೆ ನೇರವಾಗಿ ಎಸಿಗೊಡಿನಿಗೆ ಹೋಗಿ ಅಜ್ಜನ ಹಿತ್ತಿಲಲ್ಲಿ ನಿಂತು ಕೂಗಾಡಿದಳು. "ಒಳ್ಳೇದನ್ನ ಅವಳಿಗೆ ಕೊಟ್ಟು, ಕೊಳೆತದ್ದನ್ನ ನನಗೆ ಕಟ್ಟಿದ್ರಿ!"

ಅಜ್ಜ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಲ್ಲಿ ತಡವಿದ. "ಇದೆ. ನನ್ನ ಬೆರಳಿಗೆ ಸಿಕ್ಕಿರ್ಲಿಲ್ಲ. ನೀನು ಎಷ್ಟು ಹಟ ಮಾಡಿದ್ರೂ ನಾನು ಕೊಡಬಾರದಿತ್ತು, ತಪ್ಪು ನನ್ನದು. ಬಿಟ್ಟು ಹೋಗು, ನಾನೇ ವಾಸಿ ಮಾಡಿ ಇಟ್ಕೋತೀನಿ. ಬರೋ ವರ್ಷ ಬೇರೆ ಮರಿ ಕೊಡ್ತೀನಿ, ಎರಡೇ ಸುಳೀದು."

ಅವಳು ಯೋಚಿಸಿದಳು. ಬರಿಗೈಯಲ್ಲಿ ಮನೆಗೆ ಹೋದರೆ ಮಾಚುಮಳಿಗೆ ತಿಳಿಯುತ್ತದೆ. "ಬೇಡ. ಅರ್ಧ ಖರ್ಚು ಕೊಡಿ, ನಾನೇ ಮಾಡಿಸ್ತೀನಿ."

"ಆಗ್ಲಿ. ಇನ್ನೊಂದು ಮಾತು. ಒಂದೇ ಸೂಲಿನ ಮರಿಗಳು. ಖುಲುಮಾನೀನೂ ಡಾಕ್ಟರ ಹತ್ರ ತೋರಿಸ್ಬೇಕು. ಇವತ್ತೇ ಮಾಚುಮಂಗೆ ಫೋನ್ ಮಾಡಿಸ್ತೀನಿ."

"ನೀವ್ಯಾಕೆ ಖುಲು ತೊಂದರೆ ತಗೋತೀರಿ? ಎರಡು ಬೀದಿ ಆಚೆ ಅವಳ ಮನೆ. ನಾನೇ ಹೇಳ್ತೀನಿ."

"ಇವತ್ತೇ ಹೇಳ್ತೀಯಾ? ನಾಡಿದ್ದು ನನ್ನ ಕಣ್ಣಿಗೆ ಕತ್ತರಿ, ಹೇಳಿದ್ಯಾ ಅಂತ ವಿಚಾರಿಸೋಕಾಗಲ್ಲ."

"ಇವತ್ತೇ."

ಅಂದು ಹೇಳಲಿಲ್ಲ. ಹೇಳಬೇಕಾದರೆ ತನ್ನ ನಾಯಿ ದೋಷದ್ದು ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಸಿಝಬೋನನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು, ಕೊಳವೆ ಆಳಕ್ಕೆ ಇಳಿದಿರಲಿಲ್ಲ. ಕತ್ತಿಗೆ ಕಟ್ಟಿದ ಗಾಯದ ಪಟ್ಟಿ ಏನೆಂದು ಕೇಳಿದವರಿಗೆಲ್ಲ ಬೇಲಿಯ ತಂತಿ ಗೀರಿತು ಎಂದಳು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಐದನೆಯ ದಿನ ಅತ್ತೆಯನ್ನು ನೋಡಲು ಹೋದಾಗ ಮಾಚುಮ ಅಲ್ಲೇ ಇದ್ದಳು. ಖುಲುಮಾನಿ ಬಂದು ಸಿತಾಬಿಲೆಯ ಮೊಣಕಾಲಿಗೆ ತಲೆ ಒರಗಿಸಿತು.

"ಕೊಸರಿನ ಗಾಯ ಹೇಗಿದೆ?" ಮಾಚುಮ ಕೇಳಿದಳು. "ತಂತಿ ತುಕ್ಕು ಹಿಡಿದಿತ್ತಾ?"

"ಹೂಂ, ತುಕ್ಕು."

ಮಾತಾಡುತ್ತ ಸಿತಾಬಿಲೆಯ ಬೆರಳುಗಳು ಖುಲುಮಾನಿಯ ಕತ್ತಿನ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದವು, ಅಜ್ಜ ಹಿಡಿದಿದ್ದ ಹಾಗೆಯೇ. ಇತ್ತು. ಗಟ್ಟಿ ದಾರದಂತೆ, ಬೆರಳುಗಳ ನಡುವೆ ಉರುಳಿತು. ಆ ಹೊತ್ತಿಗೆ ಅವಳಿಗೆ ಆದದ್ದು ಭಯವಲ್ಲ, ಸಂತೋಷ. ಅಳೆದು ಇಟ್ಟಂಥ ಎರಡು ಸುಳಿ ಇದ್ದರೇನು, ಇದಕ್ಕೂ ಅದೇ ಇದೆ. ಬಹಳ ದಿನದ ಮೇಲೆ ಅವಳು ಅಂದು ಹೊಟ್ಟೆ ತುಂಬ ಉಂಡಳು. ಬಾಯಿ ಮಾತ್ರ ಬಿಡಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. ಖುಲುಮಾನಿ ಎರಡು ದಿನದಿಂದ ಏಳುತ್ತಿಲ್ಲ, ಹತ್ತಿರದ ಡಾಕ್ಟರು ಉಣ್ಣೆ ಕಚ್ಚಿದ ಜ್ವರ ಎಂದು ಸೂಜಿ ಹಾಕಿದ್ದಾರೆ, ಮಾಚುಮ ನೀರೂ ಮುಟ್ಟಿಲ್ಲ. ಸಿತಾಬಿಲೆ ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಮಾಚುಮಳ ಮನೆಗೆ ಓಡಿದಳು. ನಾಯಿ ಸಿಮೆಂಟಿನ ನೆಲದ ಮೇಲೆ ಕತ್ತು ಮರಗಟ್ಟಿ ಮಲಗಿತ್ತು. ಮುಟ್ಟಿದರೆ ಚೀರುತ್ತಿತ್ತು.

"ಇದು ಉಣ್ಣೆ ಜ್ವರ ಅಲ್ಲ," ಅಂದಳು. "ಏಳು. ಪೇಟೆಗೆ ಹೋಗೋಣ. ಕಾಲು ನೀನು ಹಿಡ್ಕೋ."

ವೈದ್ಯೆ ನೋಡಿದವಳೇ ಒಳಗೆ ಒಯ್ದಳು. ಹೋಗುತ್ತ, "ಇದೂ ಅದೇ ಸೂಲಿನದಾ? ಇನ್ನೊಂದು ನಾಯೀನ ತಂದಾಗಲೇ ಇದನ್ನೂ ಯಾಕೆ ತರಲಿಲ್ಲ?" ಎಂದು ಸಿತಾಬಿಲೆಯನ್ನು ಕೇಳಿದಳು. ಬಾಗಿಲು ಮುಚ್ಚಿತು. ಜಗಲಿಯ ಬೆಂಚಿನ ಮೇಲೆ ವಾರಗಿತ್ತಿಯರಿಬ್ಬರೇ ಉಳಿದರು.

"ಕೊಸರಿಗೂ ಇದೇನಾ ಆಗಿದ್ದು?"

"ಹೌದು."

"ತಂತಿ ಅಂದ್ರಲ್ಲ."

"ಸುಳ್ಳು ಹೇಳಿದೆ. ನಿನಗೆ ಹೇಳು ಅಂತ ಗುಮೆಡೆ ಅಜ್ಜ ಹನ್ನೊಂದು ದಿನದ ಹಿಂದೇನೇ ಹೇಳಿದ್ದ. ಅವತ್ತು ಅತ್ತೆ ಮನೇಲಿ ನಾನೇ ಮುಟ್ಟಿ ನೋಡಿದೆ. ಇತ್ತು. ಆಗ್ಲೂ ಹೇಳ್ಲಿಲ್ಲ."

ಮಾಚುಮ ಅವಳ ಕಡೆ ತಿರುಗಿದಳು. "ನಾನು ನಿಮಗೆ ಏನು ಮಾಡಿದ್ದೆ?"

"ಏನೂ ಇಲ್ಲ." ಆಮೇಲೆ, ತಡೆಯಲಾರದೆ, "ಆ ಹೆಸರು ಯಾಕಿಟ್ಟೆ ಮತ್ತೆ? ಆಡಿಕೊಳ್ಳಿ ಅಂತ?"

"ನಿಮಗೆ ಅಂದ್ಕೊಂಡ್ರಾ?" ಮಾಚುಮ ನಕ್ಕಳು, ಆ ನಗು ಅಳುವಿಗಿಂತ ಕೆಟ್ಟದಾಗಿತ್ತು. "ಫ್ರಾನ್ಸಿಸ್‌ಟೌನಲ್ಲಿ ನಮ್ಮನೆಯವ್ರಿಗೆ ಇನ್ನೊಬ್ಬಳು ಇದಾಳೆ ಅಂತ ನಮ್ಮ ಬೀದಿಯೆಲ್ಲ ಆಡಿಕೊಳ್ತಿತ್ತು. ಇದ್ದಾಳೆ, ಸುಳ್ಳೇನಲ್ಲ. ಅವ್ರು ಬರೋ ಬದಲು ದುಡ್ಡು ಕಳಿಸಿದ್ರು. ಮನೇಲಿ ಒಂದು ಉಸಿರಾಡೋ ಜೀವ ಇರ್ಲಿ ಅಂತ ಇದನ್ನ ತಂದೆ." ಅವಳು ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತಳು. "ನನ್ನ ಹತ್ರ ಈಗ ಮಾತಾಡಬೇಡಿ."

ನಾಯಿ ಬದುಕಿತು. ಆದರೆ ಕೀವು ಬೆನ್ನುಹುರಿ ಮುಟ್ಟಿತ್ತು, ಬಲದ ಹಿಂಗಾಲು ಮೊದಲಿನಂತಾಗಲಿಲ್ಲ. ಗುಮೆಡೆ ಅಜ್ಜ ಕಣ್ಣಿನ ಮೇಲೆ ಪಟ್ಟಿ ಹಾಕಿಕೊಂಡೇ ಮಗನ ಕಾರಿನಲ್ಲಿ ಮಾಚುಮಳ ಮನೆಗೆ ಬಂದ. ಆ ತಾಯಿನಾಯಿಗೆ ಇನ್ನು ಸೂಲು ಬೇಡವೆಂದು ಆಪರೇಷನ್ ಮಾಡಿಸಿದೆ ಎಂದ, ಕೊಂಡ ಬೆಲೆಯನ್ನು ಪೂರ್ತಿ ಹಿಂದಿರುಗಿಸಿದ. ನಾಯಿಯನ್ನು ಒಯ್ಯಲೇ ಎಂದಾಗ ಮಾಚುಮ, "ನನ್ನ ನಾಯಿ ಖುಲು, ಎಲ್ಲಿಗೆ ಒಯ್ತೀರಿ?" ಎಂದಳಂತೆ. ಇದೆಲ್ಲ ಸಿತಾಬಿಲೆಗೆ ಗಂಡನ ಬಾಯಿಂದ ತಿಳಿಯಿತು.

ಆಮೇಲೆ ಅವಳು ಕಾದಳು. ಮಾಚುಮ ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ, ಮನೆಮಂದಿಯೆಲ್ಲ ತನ್ನ ಮುಖಕ್ಕೆ ಉಗಿಯುತ್ತಾರೆ ಎಂದು ಕಾದಳು. ಮಾಚುಮ ಹೇಳಲಿಲ್ಲ. ಕೇಳಿದವರಿಗೆ, "ಹುಟ್ಟಿನ ದೋಷ. ಮಾಸಿಬಾಂಡ ಓಡಿ ಬಂದು ಪೇಟೆಗೆ ಕರ್ಕೊಂಡು ಹೋದ್ರು," ಎನ್ನುತ್ತಿದ್ದಳು. ಬೈದಿದ್ದರೂ ಸಿತಾಬಿಲೆಗೆ ಇಷ್ಟು ಉರಿಯುತ್ತಿರಲಿಲ್ಲ.

ಕ್ರಿಸ್‌ಮಸ್‌ಗೆ ಎಲ್ಲರೂ ಅತ್ತೆಯ ಮನೆಯಲ್ಲಿ ಸೇರಿದ್ದರು. ಅಡುಗೆಮನೆಯಲ್ಲಿ ಇಸಿಚ್ವಾಲ ಎನ್ನುವ ಮೆಕ್ಕೆಜೋಳದ ಮುದ್ದೆ ತಿರುವುತ್ತ ಸಿತಾಬಿಲೆ ತಾನಾಗಿಯೇ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಮುದುಕಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಅವತ್ತು ಸಂಜೆಯಿಂದ. ಮಾಚುಮ ಬಂದು ಅತ್ತಳು. ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದಳು. ಆಮೇಲೆ, ನಿಮಗೆ ಗೊತ್ತು ಅಂತ ಅವ್ರಿಗೆ ತೋರಿಸಬೇಡಿ ಅಂದಳು."

ಸಿತಾಬಿಲೆಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಆ ಹಳೆಯ ಉರಿಯೇ. ಇವರಿಬ್ಬರೂ ಎರಡು ತಿಂಗಳು ತನ್ನನ್ನು ಬಿಟ್ಟು ಒಂದು ಗುಟ್ಟು ಇಟ್ಟುಕೊಂಡಿದ್ದರು.

"ಮುದ್ದೆ ತಳ ಹತ್ತತಾ ಇದೆ," ಅಂದಳು ಅತ್ತೆ. "ನಾನು ನೋಡ್ಕೋತೀನಿ. ನೀನು ಹೊರಗೆ ಹೋಗು."

ಹೊರಗೆ ಮಾವಿನಮರದ ನೆರಳಲ್ಲಿ ಮಾಚುಮ ಕಾಲು ಚಾಚಿ ಕೂತು ಖುಲುಮಾನಿಯ ಹಿಂಗಾಲನ್ನು ನೀವುತ್ತಿದ್ದಳು. ವೈದ್ಯೆ ದಿನಕ್ಕೆ ಎರಡು ಸಲ ಹಾಗೆ ಮಾಡಬೇಕೆಂದಿದ್ದಳು. ಸಿತಾಬಿಲೆ ಎದುರಿಗೆ ಕೂತಳು.

"ಕೊಡು, ನಾನೂ ಮಾಡ್ತೀನಿ."

ಮಾಚುಮ ತಲೆ ಎತ್ತಲಿಲ್ಲ. ಕೈ ಸರಿಸಿ ಜಾಗ ಬಿಟ್ಟಳು. "ಬೆರಳಲ್ಲಿ ಬೇಡ, ಅಂಗೈಯಲ್ಲಿ. ಮೆಲ್ಲಗೆ."

ಸಿತಾಬಿಲೆ ನೀವತೊಡಗಿದಳು. ನಾಯಿ ಒಮ್ಮೆ ಗುರುಗುಟ್ಟಿ, ಮುಖ ತಿರುಗಿಸಿ ಮಾಚುಮಳ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು. ಅದನ್ನು ಕಂಡು ಸಿತಾಬಿಲೆಗೆ ಮತ್ತೆ ಹೊಟ್ಟೆಯೊಳಗೆ ಚುರುಕ್ ಎಂದಿತು. ಕೈ ಮಾತ್ರ ತೆಗೆಯಲಿಲ್ಲ.