ನಿಮ್ಮ ಕುರ್ಚಿ ನೀವೇ ತನ್ನಿ

ಕುಲಸಚಿವರು ಹೇಳಿದ್ದು ಇಷ್ಟೇ. "ಈ ಶುಕ್ರವಾರ ನೂರು ಜನ ಬಂದರೆ ಹಾಲ್ ನಿಮ್ಮದು. ಬರದಿದ್ರೆ ಉತ್ತರಪತ್ರಿಕೆ ಇಡೋಕೆ ಪರೀಕ್ಷಾ ವಿಭಾಗಕ್ಕೆ ಕೊಡ್ತೀನಿ. ಅವರಿಗೂ ಜಾಗ ಬೇಕಲ್ಲಮ್ಮ."

ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮ ಕಚೇರಿಯಲ್ಲಿ ನನ್ನ ಕೆಲಸ. ಆ ಹಾಲಿನಲ್ಲಿ ತಿಂಗಳಿಗೊಂದು ಸಂಜೆಕೂಟ ನಡೆಸಬೇಕು. ಹಾಡು, ಆಟ, ಹರಟೆ. ಮೂರು ಹಾಸ್ಟೆಲುಗಳಲ್ಲಿ ಎರಡು ಸಾವಿರ ವಿದ್ಯಾರ್ಥಿಗಳಿದ್ದಾರೆ. ಕಳೆದ ತಿಂಗಳು ಬಂದವರು ಹದಿನಾಲ್ಕು, ಅದರಲ್ಲೂ ಇಬ್ಬರು ಮಳೆಗೆ ಒಳಗೆ ಬಂದವರು.

ಆ ವಾರವೆಲ್ಲ ಕೋಣೆ ಕೋಣೆಗೆ ಹೋಗಿ ಕರೆದೆ. ನಾನೂರ ಹನ್ನೆರಡನೇ ಕೋಣೆಯ ಹುಡುಗಿ ಬಾಗಿಲನ್ನು ಮುಖದಷ್ಟೇ ತೆರೆದಳು.

"ಬರಬಹುದು ಮೇಡಂ. ಬಂದು ಯಾರ ಪಕ್ಕ ಕೂರಲಿ?"

ಓದುವ ಕಾಲದಲ್ಲಿ ನಾನೂ ಇಂಥದೇ ಹಾಲಿನ ಬಾಗಿಲವರೆಗೆ ಮೂರು ಸಲ ಹೋಗಿ, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಏನೋ ಮರೆತವಳಂತೆ ಹಿಂತಿರುಗಿದ್ದೆ. ಈಗಲೂ ಕೂಟದ ದಿನ ನಾನು ಕೂರುವುದಿಲ್ಲ. ಹಿಂಬಾಗಿಲಲ್ಲಿ ನಿಂತು ತಲೆ ಎಣಿಸುತ್ತೇನೆ.

ಬುಧವಾರ ಪರೀಕ್ಷಾ ವಿಭಾಗದವರು ಶನಿವಾರದ ಪರೀಕ್ಷೆಗೆ ಕುರ್ಚಿ ಕೇಳಿದರು. ನನಗೆ ಒಳಗೊಳಗೇ ಸಮಾಧಾನವಾಯಿತು. ಇನ್ನೂರು ಕುರ್ಚಿಗಳ ನಡುವೆ ಹದಿನಾಲ್ಕು ಜನ ಕೂತರೆ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ನೂರು ಜನ ಬರುವ ಆಸೆ ಹೇಗೂ ನನಗಿರಲಿಲ್ಲ; ಅರವತ್ತೇ ಉಳಿದರೆ ಹಾಲ್ ತುಂಬಿದಂತಾದರೂ ಇರುತ್ತದೆ. ಸಹಿ ಹಾಕಿ ಕಳಿಸಿದೆ. ಒಂದು ಪತ್ರವನ್ನು ನಾಲ್ಕು ಸಲ ಓದುವ ನಾನು, ಎಷ್ಟು ಕುರ್ಚಿ ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೆ.

ಶುಕ್ರವಾರ ಮಧ್ಯಾಹ್ನ ಬೀಗ ತೆಗೆದದ್ದು ಚಾವಿ ತಾತ. ಮೂವತ್ತು ವರ್ಷದಿಂದ ಹಾಲಿನ ಚಾವಿ ಅವರ ಸೊಂಟದಲ್ಲೇ ಇದೆ. ಒಳಗೆ ಒಂದೂ ಕುರ್ಚಿ ಇರಲಿಲ್ಲ.

"ಗುಡಿಸಿ ಗುಂಡಾಂತರ ಮಾಡಿದ್ದಾರಲ್ಲ ಮೇಡಂ! ಹಾಲ್ ಅಲ್ಲ ಇದು, ಮೈದಾನ."

"ವಾಪಸ್ ತರಿಸೋಕಾಗಲ್ವಾ ತಾತ?"

"ಎಲ್ಲಾದಕ್ಕೂ ನಂಬರ್ ಚೀಟಿ ಅಂಟಿಸಿಬಿಟ್ಟಿದ್ದಾರೆ. ಮುಟ್ಟಿದ್ರೆ ಕೈ ಮುರೀತಾರೆ."

ಮೆಟ್ಟಿಲ ಮೇಲೆ ಕೂತೆ. ರದ್ದು ಎಂದು ಬರೆದರೆ ಹಾಲ್ ಹೋದಂತೆಯೇ. ಕೊನೆಗೆ ಎಲ್ಲರ ಫೋನಿಗೂ ಹೀಗೆ ಕಳಿಸಿದೆ: "ಹಾಲಿನಲ್ಲಿ ಕುರ್ಚಿಗಳಿಲ್ಲ. ತಪ್ಪು ನನ್ನದು. ಸಂಜೆ ಐದಕ್ಕೆ ಬರುವವರು ದಯವಿಟ್ಟು ನಿಮ್ಮ ಕೋಣೆಯ ಕುರ್ಚಿ ತನ್ನಿ."

ಓದಿಸಿಕೊಂಡ ತಾತ ನಕ್ಕರು. "ಸುಮ್ನೆ ಬನ್ನಿ ಅಂದ್ರೇ ಬರದವರು ಹೊತ್ಕೊಂಡು ಬರ್ತಾರಾ? ಒಳ್ಳೆ ಕತೆ!"

ಐದಾಯಿತು. ಯಾರೂ ಇಲ್ಲ. ಐದೂ ಹತ್ತಕ್ಕೆ ಎಲ್ಲೋ ಮರದ ಕಾಲೊಂದು ಕಲ್ಲಿಗೆ ಉಜ್ಜಿದ ಸದ್ದು. ಆಮೇಲೆ ಇನ್ನೊಂದು. ತಾತ ಬಾಗಿಲಿಂದ ಕೂಗಿದರು, "ಮೇಡಂ, ಬೇಗ ಬನ್ನಿ ಇಲ್ಲಿ!"

ಮೂರು ಹಾಸ್ಟೆಲುಗಳಿಂದ ಮೂರು ಸಾಲು ಹೊರಟಿದ್ದವು. ತಲೆಯ ಮೇಲೆ ಬೋರಲು ಹಾಕಿದ ಕುರ್ಚಿಗಳು, ಆಕಾಶಕ್ಕೆ ಚಾಚಿದ ನೂರಾರು ಕಾಲುಗಳು. ಎಲೆ ಉದುರಿದ ತೋಪೊಂದು ಬೇರು ಕಿತ್ತುಕೊಂಡು ನಮ್ಮ ಕಡೆಗೆ ನಡೆದು ಬರುತ್ತಿದ್ದಂತಿತ್ತು. ಒಬ್ಬ ಸುಸ್ತಾಗಿ ದಾರಿಯ ನಟ್ಟನಡುವೆ ಕುರ್ಚಿ ಇಳಿಸಿ, ಸ್ವಂತ ಮನೆಯ ಜಗಲಿಯಲ್ಲಿರುವಂತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಿಂದಿನವರು ಅವನನ್ನು ಬಯ್ಯುತ್ತ ಸುತ್ತಿಕೊಂಡು ಬಂದರು. ಸಂಜೆಯ ಬಿಸಿಲು ಕುರ್ಚಿಗಳ ಬೆನ್ನಿಗೆ ಬಿದ್ದು, ಅಲ್ಲಿ ಬಿಳಿ ಬಣ್ಣದಲ್ಲಿ ಬರೆದ ಕೋಣೆಯ ಅಂಕೆಗಳು ಹೊಳೆದವು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಇಷ್ಟು ಜನ ಆ ಬಾಗಿಲುಗಳ ಹಿಂದೆ ಇದ್ದರೇ? ಎಣಿಸಬೇಕೆಂಬುದೇ ಮರೆತುಹೋಯಿತು.

ಒಳಗೆ ಸಂತೆ.

"ಏ ಇನ್ನೂರ ಏಳು, ಕಾಲು ತೆಗಿ!"

"ನನ್ನ ಕಾಲಲ್ಲ ಗುರೂ, ಕುರ್ಚೀದು."

"ಎರಡೂ ಒಂದೇ ಥರ ಇವೆ ಬಿಡು."

ಹೆಸರು ಗೊತ್ತಿಲ್ಲದವರು ಬೆನ್ನಿನ ಅಂಕೆ ನೋಡಿ ಕರೆಯುತ್ತಿದ್ದರು. ಆಗ ಬಾಗಿಲಲ್ಲಿ ನಾನೂರ ಹನ್ನೆರಡು ಕಂಡಿತು. ಅವಳು ಕುರ್ಚಿಯನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟಿದ್ದಳು.

"ನಾನೂರ ಹನ್ನೆರಡು!" ಎತ್ತರದ ಹುಡುಗಿಯೊಬ್ಬಳು ಕೈಬೀಸಿದಳು. "ಬಾರೇ ಇಲ್ಲಿ. ನಂದು ಕುಂಟುತ್ತೆ, ನಿಂದಕ್ಕೆ ಒರಗಿಸ್ಕೋತೀನಿ."

ಅವಳು ಹೋದಳು. ನನ್ನನ್ನು ದಾಟುವಾಗ ಮೆಲ್ಲಗೆ ಅಂದಳು, "ಎರಡು ಸಲ ವಾಪಸ್ ಹೋಗೋಣ ಅನ್ನಿಸ್ತು ಮೇಡಂ. ಮತ್ತೆ ನಾಲ್ಕು ಮಹಡಿ ಇದನ್ನ ಹೊರೋರು ಯಾರು?"

ಆರಕ್ಕೆ ಕುಲಸಚಿವರು ಬಂದರು. ಸುತ್ತ ನೋಡಿದರು, ಕೂರಲು ಜಾಗವಿಲ್ಲ. ಎಲ್ಲರೂ ಕೂತಿರುವಲ್ಲಿ ಅವರೊಬ್ಬರೇ ಕೈಗಳನ್ನು ಹಿಂದೆ ಕಟ್ಟಿ, ಮುಂದೆ ಕಟ್ಟಿ, ಕೊನೆಗೆ ಹೊರಟುಹೋದರು. ಕೆಟ್ಟೆ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಂಗಳದ ಕಲ್ಲುಹಾಸಿನ ಮೇಲೆ ಗಡಗಡ ಸದ್ದು. ತಮ್ಮ ಕಚೇರಿಯ ಚಕ್ರದ ಕುರ್ಚಿಯನ್ನು ತಾವೇ ತಳ್ಳಿಕೊಂಡು, ಬೆವರುತ್ತ ಬರುತ್ತಿದ್ದರು! ಹಾಲಿಗೆ ಹಾಲೇ ಶಿಳ್ಳೆ ಹಾಕಿತು.

"ಎಷ್ಟಮ್ಮ ಜನ?" ಎಂದರು.

"ಎಣಿಸೋದು ಮರೆತೆ ಸರ್."

"ನೂರ ತೊಂಬತ್ತಾರು," ಎಂದರು ಚಾವಿ ತಾತ ಹಿಂದಿನಿಂದ. "ತಾವು ಸೇರಿ ತೊಂಬತ್ತೇಳು."

ಕುಲಸಚಿವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಮುಂದಿನ ತಿಂಗಳೂ ಇದನ್ನ ತಳ್ಕೊಂಡು ಬರ್ಬೇಕಾ?"

"ಹಾಲ್ ಇದ್ರೆ ತಾನೇ ಸಾರ್?" ಎಂದರು ತಾತ.

"ಇರುತ್ತೆ ಕಣಯ್ಯ. ಪತ್ರಿಕೆಗಳಿಗೆ ಬೇರೆ ಕಡೆ ನೋಡಿದ್ರಾಯ್ತು."

ಹಾಡು ಶುರುವಾಯಿತು. ನಾನು ಅಭ್ಯಾಸದಂತೆ ಹಿಂಬಾಗಿಲಿಗೆ ಹೋದೆ, ಆದರೆ ಅಲ್ಲಿ ನಿಲ್ಲಲಾಗಲಿಲ್ಲ. ಕಚೇರಿಗೆ ನಡೆದು ನನ್ನ ಕುರ್ಚಿ ಎತ್ತಿಕೊಂಡೆ. ಭಾರವಿತ್ತು. ಮುಂಬಾಗಿಲಿಗೆ ಬರುವಷ್ಟರಲ್ಲಿ ತೋಳು ಸೋತಿತ್ತು. ಎಲ್ಲಿಡಲಿ ಎಂದು ನೋಡುತ್ತಿದ್ದೆ. ನಾನೂರ ಹನ್ನೆರಡು ತಿರುಗಿ ನೋಡಿ, ತನ್ನ ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಎಳೆದು ನನಗೆ ಜಾಗ ಮಾಡಿದಳು. ಅದಕ್ಕೆ ಒರಗಿದ್ದ ಎತ್ತರದವಳ ಕುರ್ಚಿ ವಾಲಿತು.

"ಅಯ್ಯೋ, ಹೇಳಿ ಸರ್ಕೊಳ್ಳೇ!" ಎಂದು ಅವಳು ಕೂಗಿಕೊಂಡಳು.