ಬಾತ್‌ಟಬ್ಬಿನ ಬಿಯರು, ಕಾಶಮ್ಮನ ಸ್ನಾನ

ಡಚ್ಚರ ಊರು ರೈಸ್‌ವೈಕಿನಲ್ಲಿದ್ದ ಸಿದ್ಧಾರೂಢನ ಮನೆಯಲ್ಲಿ ಸ್ನಾನಕ್ಕೆಂದು ಇದ್ದದ್ದು ಒಂದೇ ಬಾತ್‌ಟಬ್ಬು. ಆ ಶನಿವಾರ ಅದರ ತುಂಬ ಬಿಯರಿತ್ತು. ಸಂಜೆಯ ವಿಮಾನಕ್ಕೆ ಗದಗಿನಿಂದ ಅವನ ತಾಯಿ ಕಾಶಮ್ಮ ಬರುವವರಿದ್ದರು. ಸ್ನಾನ, ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದ ಹೆಂಗಸು. ಶೆರೆ ಹೊಕ್ಕ ಮನೆಯಲ್ಲಂತೂ ನೀರೂ ಕುಡಿಯುವುದಿಲ್ಲವೆಂದು, ಮಗ ಪರದೇಶಕ್ಕೆ ಹೊರಟ ದಿನವೇ ಹೇಳಿ ಕಳಿಸಿದ್ದರು.

ಎಡವಟ್ಟಾದದ್ದು ಲೆಕ್ಕದಲ್ಲಿ. ಓಣಿಯವರ ಕೂಟಕ್ಕೆ ಮನೆಯಲ್ಲೇ ಮಾಡಿದ ಬಿಯರು ಕೊಡುತ್ತೇನೆಂದು ಸಿದ್ಧಾರೂಢ ಒಪ್ಪಿಕೊಂಡಿದ್ದ. ಪಕ್ಕದ ಮನೆಯ ಯಾಪ್ ಕೊಟ್ಟ ರೆಸಿಪಿ ಇಪ್ಪತ್ತು ಲೀಟರಿನದು. ಹನ್ನೆರಡು ಜನಕ್ಕೆ ಅದರ ಕಾಲುಭಾಗ ಸಾಕೆಂದು ಯಾಪ್‌ನೇ ಹೇಳಿದ್ದ. ಅದನ್ನು ಕೇಳಿ ಸಿದ್ಧಾರೂಢನಿಗೆ ನಾಚಿಕೆಯಾಯಿತು. ಗದಗಿನ ಮನೆಯಲ್ಲಿ ಹನ್ನೆರಡು ಜನರನ್ನು ಕರೆದರೆ ಅಡುಗೆ ಇಪ್ಪತ್ತನಾಲ್ಕು ಜನರಿಗೆ. ಮೇಲೆ ಎರಡೆರಡು ಸಲ ನೀಡುವುದು, ಹೋಗುವಾಗ ಡಬ್ಬಿ ತುಂಬಿ ಕೊಡುವುದು ಬೇರೆ. ಮಾಲ್ಟು, ಈಸ್ಟು, ನೀರು ಎಲ್ಲವನ್ನೂ ಅವನು ಅದೇ ಲೆಕ್ಕದಲ್ಲಿ ಎಂಟು ಪಟ್ಟು ಗುಣಿಸಿದ. ಗುಣಿಸುವ ಭರದಲ್ಲಿ, ಕುದಿಯುವಾಗ ಆವಿಯಾಗಿ ಹೋಗುವ ನೀರನ್ನೂ ಗುಣಿಸಿ ಹೆಚ್ಚಿಗೆ ಸುರಿದ. ಎಷ್ಟು ಜನರನ್ನು ಕರೆದಿದ್ದಾರೆಂದು ಆವಿಗೇನು ಗೊತ್ತು? ಪಾತ್ರೆಯ ಬಾಯಿ ಅಗಲವಿದ್ದಷ್ಟೇ ಹೋಯಿತು, ಮಿಕ್ಕಿದ್ದೆಲ್ಲ ಉಳಿಯಿತು. ಬಕೆಟ್ಟುಗಳು ತುಂಬಿದವು, ಕೊನೆಗೆ ಟಬ್ಬೂ ತುಂಬಿತು. ಅಂದಿನಿಂದ ಹೆಂಡತಿ ಸೌಜನ್ಯಾ ಆಫೀಸಿನ ಜಿಮ್ಮಿನಲ್ಲಿ ಸ್ನಾನ ಮಾಡಿಕೊಂಡು, ಗಂಡನ ಜೊತೆ ಮಾತು ಬಿಟ್ಟಿದ್ದಳು.

ಆದರೂ ಸಿದ್ಧಾರೂಢ ಧೈರ್ಯವಾಗಿದ್ದ. ಮಧ್ಯಾಹ್ನ ಕೂಟ, ಸಂಜೆ ವಿಮಾನ, ಅಷ್ಟರಲ್ಲಿ ಟಬ್ಬು ಖಾಲಿ. ಹನ್ನೆರಡೂ ಜನ ಬಂದರು, ಒಂದೊಂದು ಗ್ಲಾಸು ಕುಡಿದರು, 'ಲೆಕ್ಕರ್', ಬಲು ರುಚಿ, ಎಂದು ಬಾಯಿತುಂಬ ಹೊಗಳಿದರು. ಇನ್ನೊಂದು ಎಂದರೆ ಗ್ಲಾಸಿನ ಮೇಲೆ ಕೈ ಮುಚ್ಚಿದರು. ಐದು ಗಂಟೆಗೆ ಊಟದ ಹೊತ್ತಾಯಿತೆಂದು ಎದ್ದು ಹೋದರು. ಟಬ್ಬು ಒಂದು ಬೆರಳೂ ಇಳಿದಿರಲಿಲ್ಲ.

ತಳದ ಬಿರಡೆ ಕಿತ್ತಿದ್ದರೆ ಆಗುತ್ತಿತ್ತು. ಅದರ ಮೇಲೆ ಕೈಯನ್ನೂ ಇಟ್ಟ. ಆದರೆ ಮಂದಿಗೆಂದು ಮಾಡಿದ್ದನ್ನು ಗಟಾರಕ್ಕೆ ಬಿಡಲು ಹುಟ್ಟಿದಾಗಿನಿಂದ ಕಲಿತದ್ದು ಬಿಡಲಿಲ್ಲ. ಬಿಯರಿಗೆ ಹಾಕಿದ ಜವೆಯೂ ಅನ್ನದ ಕಾಳೇ ತಾನೆ. ಅವನು ಹಾಗೆ ಕೂತಿದ್ದಾಗಲೇ ಸೌಜನ್ಯಾ ಅತ್ತೆಯನ್ನು ಕರೆದುಕೊಂಡು ಬಂದಳು. ಕಾಶಮ್ಮ ಟವೆಲ್ ಹಿಡಿದು ನೆಟ್ಟಗೆ ಬಚ್ಚಲಿಗೇ ಬಂದರು.

"ಶೆರೆ ಏನೋ ಇದು?"

"ಹೌದಬೇ."

ಯಾರಿಗೆಂದು ಕೇಳಿದರು. ಅವನು ತಲೆತಗ್ಗಿಸಿ ಎಲ್ಲ ಹೇಳಿದ, ಬಂದವರು ಕೈ ಮುಚ್ಚಿದ್ದನ್ನೂ ಹೇಳಿದ. ಕಾಶಮ್ಮ ಮಗನನ್ನು ಮರುಕದಿಂದ ನೋಡಿದರು.

"ಕೈ ಅಡ್ಡ ಹಿಡದ್ರಂತ ನೀಡೂದು ಬಿಟ್ಟಿಯೇನು?"

ಸೆರಗು ಸಿಕ್ಕಿಸಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ಬಕೆಟ್ಟು ಸೌಟು ಹಿಡಿದು ಓಣಿಯ ಮನೆಮನೆಗೆ ಹೊರಟೇಬಿಟ್ಟರು. ಹಿಂದೆ ಗ್ಲಾಸುಗಳ ತಟ್ಟೆ ಹೊತ್ತು ಸಿದ್ಧಾರೂಢ. ಯಾಪ್ ಗ್ಲಾಸಿನ ಮೇಲೆ ಕೈ ಇಟ್ಟ. ಎಲೆಯ ಮೇಲೆ ಕೈ ಅಡ್ಡ ಹಿಡಿದ ಬೀಗರನ್ನು ಕಾಶಮ್ಮ ಎಷ್ಟು ನೋಡಿಲ್ಲ! ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊಯ್ದರು. ಬೇಡ ಎಂದವರಿಗೆ ಎರಡು ಸೌಟು. ಅಷ್ಟು ಒತ್ತಾಯವನ್ನು ಆ ಓಣಿ ಕಂಡಿರಲಿಲ್ಲ. ಎಲ್ಲರೂ ಕುಡಿದರು. ಹೊತ್ತು ಮುಳುಗುವ ಮೊದಲೇ ಯಾಪ್ ಹಾಡತೊಡಗಿದ, ಆಚೆ ಓಣಿಯವರು ತಮ್ಮ ತಮ್ಮ ಗ್ಲಾಸು ಹಿಡಿದು ಸರದಿಗೆ ನಿಂತರು.

ಕಡೆಗೆ ಬಂದವನೊಬ್ಬ ಮುದುಕ. ಸೌಟು ಬಕೆಟ್ಟಿನ ತಳ ಕೆರೆಯಿತು. ಟಬ್ಬಿನಲ್ಲೂ ಏನೂ ಇರಲಿಲ್ಲ. ಪರವಾಗಿಲ್ಲವೆಂದು ನಕ್ಕು ಅವನು ಹಿಂದಿರುಗಿದ. ಅವನು ತಿರುವು ದಾಟುವವರೆಗೂ ಕಾಶಮ್ಮ ನೋಡುತ್ತ ನಿಂತರು.

ಸಿದ್ಧಾರೂಢ ಟಬ್ಬು ತಿಕ್ಕಿ ತೊಳೆದ. ಕಾಶಮ್ಮನ ಸ್ನಾನವಾಯಿತು, ಪೂಜೆಯಾಯಿತು. ಅವನು ಗ್ಲಾಸಿನಲ್ಲಿ ನೀರು ತಂದು ಮುಂದೆ ಹಿಡಿದ. ಅವರು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡರು.

"ಶೆರೆ ಮಾಡಿದ್ದಕ್ಕ ನಾಳೆ ಬೈತೀನಿ. ಆ ಹಿರ್ಯಾ ಬರಿಗೈಲೆ ಹೋದ್ನಲ್ಲ, ಅದಕ್ಕ ಈಗ ಬೈತೀನಿ, ಕುಂದ್ರು. ಮಂದಿನ್ನ ಕರದು ಯಾರರ ಇಷ್ಟ ಕಡಿಮಿ ಮಾಡ್ತಾರೇನು?"