ಟ್ಯಾಪಿಟ್ ಕವರಿಗೆ ಭಂಡಾರ

"ಇನ್ನೂ ಹಸಿ ಐತಿ. ನಾಳಿಗೆ ಆಗಂಗಿಲ್ಲ ಬಿಡು," ಎಂದು ಗಂಡ ಮಾಳಿಂಗರಾಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ರೇಣುಕಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈಯ ಏಟಿಗೆ ರೊಟ್ಟಿ ನಡುವೆ ಹರಿಯಿತು. ಹರಿದದ್ದನ್ನು ಮುದ್ದೆ ಮಾಡಿ ಮತ್ತೆ ಬಡಿದಳು. ಬಾಯಿಗೆ ಬಂದ ಮಾತನ್ನು ಎಷ್ಟು ಸಲ ನುಂಗಬೇಕು ಮನುಷ್ಯ? ಗುರುವಾರದಿಂದ ನುಂಗಿ ನುಂಗಿ ಅವಳ ಹೊಟ್ಟೆ ತುಂಬಿಹೋಗಿತ್ತು.

ಆಗಬೇಕಾದದ್ದು ದೊಡ್ಡದೇನಲ್ಲ. ನಾಳೆ ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಮಸ್ಕಿಯಲ್ಲಿರಬೇಕು. ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಹತ್ತು ವರ್ಷ ನರ್ಸ್ ಆಗಿ ದುಡಿದ ಮೇಲೆ ಬೆಳಗಿನ ಪಾಳಿಯ ವಾರ್ಡಿನ ಜವಾಬ್ದಾರಿ ಈಗ ಅವಳ ಕೈಗೆ ಬಂದಿತ್ತು. ಅವರಿರುವ ಲಿಂಗಸುಗೂರಿನಿಂದ ಆ ಹೊತ್ತಿಗೆ ಮುಟ್ಟಿಸುವ ಬಸ್ಸಿಲ್ಲ. ಈಗಿನ ಪಾಳಿಗೇ ಬಸ್ಸಿನ ದೆಸೆಯಿಂದ ಮೂರು ಸಲ ತಡವಾಗಿತ್ತು. "ಮೊದಲ ದಿನಾನೇ ತಡ ಆದ್ರೆ ಬೇರೆಯವರಿಗೆ ಕೊಡ್ತೀನಿ ಸಿಸ್ಟರ್," ಎಂದು ಡಾಕ್ಟರಮ್ಮ ನಗುತ್ತಲೇ ಹೇಳಿದ್ದಳು. ನಗುತ್ತ ಹೇಳುವವರ ಮಾತಿಗೇ ಹೆಚ್ಚು ಹೆದರಬೇಕು.

ಮನೆಯ ಮುಂದೆ ಕಾರು ಇಲ್ಲವೇ ಅಂದರೆ, ಇದೆ. ಹಳೆಯ ಮಾರುತಿ. ರೇಣುಕಾದೇವಿಯ ಹತ್ತಿರ ಲೈಸೆನ್ಸೂ ಇದೆ, ತಗೊಂಡು ಎಂಟು ತಿಂಗಳಾಯಿತು. ಇಲ್ಲದ್ದು ಕೀಲಿಕೈ ಮಾತ್ರ. ಅದನ್ನು ಮಾಳಿಂಗರಾಯ ತನ್ನ ಉಡದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಹಟ್ಟಿಯ ಚಿನ್ನದ ಗಣಿಯಲ್ಲಿ ಅವನ ಕೆಲಸ, ಹೋಗಿಬರುವುದು ಬೈಕಿನ ಮೇಲೆ. ಕಾರು ವಾರವಿಡೀ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಆದರೂ ಕೇಳಿದಾಗಲೆಲ್ಲ ಒಂದು ನೆವ. ಮೊದಲು ಬ್ರೇಕು ಸರಿಯಿಲ್ಲ ಅಂದ. ಆಮೇಲೆ ಟೈರು ಸವೆದಾವ ಅಂದ. ಎರಡೂ ಸರಿಯಾದ ಮೇಲೆ ನೆವ ತೀರಿತು, ಕೊನೆಗೆ "ಸೋಮವಾರದಿಂದ ನೀ ತಗೊಂಡ ಹೋಗು" ಎಂದು ತಾಯಿಯ ಎದುರಿಗೇ ಒಪ್ಪಿಕೊಂಡ.

ಒಪ್ಪಿಕೊಂಡದ್ದು ಬುಧವಾರ. ಗುರುವಾರ ಅವಳು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಕಾರಿನ ಬಾನೆಟ್ಟು ಬಾಯಿ ತೆರೆದು ನಿಂತಿತ್ತು. ಇಂಜಿನ್ನಿನ ತಲೆಯ ಮೇಲೆ ಕೂರುವ ಉದ್ದನೆಯ ಮುಚ್ಚಳ, ಮೆಕ್ಯಾನಿಕರು ಟ್ಯಾಪಿಟ್ ಕವರ್ ಅನ್ನುತ್ತಾರಲ್ಲ, ಅದು ಅಂಗಳದಲ್ಲಿ ಅಂಗಾತ ಬಿದ್ದಿತ್ತು. ತೆರೆದ ಇಂಜಿನ್ನಿಗೆ ದೂಳು ಕೂರಬಾರದೆಂದು ಅದರ ಮೇಲೆ ಅವಳ ತವರಿನವರು ಕೊಟ್ಟ ಹೊಸ ಟಾವೆಲ್ ಹೊದಿಸಿದ್ದ.

"ಬಣ್ಣ ಹೋಗೇತಲೇ. ಫೋನಿನ್ಯಾಗ ನೋಡೀನಿ, ಮನ್ಯಾಗ ಮಾಡಬಹುದು. ಕೆಂಪು ಹೊಡದ್ರ ಹೊಸಾದರಂಗ ಕಾಣತೈತಿ," ಎಂದಿದ್ದ. ಸಿಂಧನೂರಿಗೆ ಹೋಗಿ ಬಿಸಿ ತಡೆಯುವ ಬಣ್ಣದ ಸ್ಪ್ರೇ ಡಬ್ಬಿಗಳನ್ನೂ ತಂದಿದ್ದ.

ಬಾನೆಟ್ಟಿನ ಒಳಗೆ ಇರುವುದನ್ನು ನೋಡುವವರು ಯಾರು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಈ ಗಾದೆಯನ್ನು ರೇಣುಕಾದೇವಿ ಬಾಯಿಬಿಟ್ಟೇ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಶುಕ್ರವಾರ ಎಣ್ಣೆಯ ಜಿಡ್ಡು ಸರಿಯಾಗಿ ತೊಳೆಯದೆ ಬಣ್ಣ ಹೊಡೆದ. ಸಂಜೆಗೆ ಅದು ಹಾವಿನ ಪೊರೆಯಂತೆ ಎದ್ದು ಬಂತು. ಶನಿವಾರ ಅವಳ ಪಾತ್ರೆ ತಿಕ್ಕುವ ಬ್ರಷ್ಷು, ಥಿನ್ನರು, ಎಮರಿ ಪೇಪರು ಎಲ್ಲ ಹಿಡಿದು ಮೂರು ತಾಸು ತಿಕ್ಕಿದ. ತಿಕ್ಕಿದ್ದೇನೋ ಚೆನ್ನಾಗಿತ್ತು. ಬಣ್ಣ ಹೊಡೆಯಲು ಗಾಳಿ ಎದ್ದ ಹೊತ್ತನ್ನೇ ಆರಿಸಿದ. ಬೀದಿಯ ದೂಳೆಲ್ಲ ಕವರಿಗೆ ಅಂಟಿತು, ಡಬ್ಬಿಯ ಬಣ್ಣವೆಲ್ಲ ತಂತಿಯ ಮೇಲೆ ಒಣಗುತ್ತಿದ್ದ ಅವಳ ಬಿಳಿ ಕೋಟಿಗೆ ಸಿಡಿಯಿತು. ಹೆರಿಗೆ ವಾರ್ಡಿಗೆ ಕೆಂಪು ಚುಕ್ಕಿಯ ಕೋಟು ಹಾಕಿಕೊಂಡು ಹೋದರೆ ಬಸುರಿಯರು ಎದೆ ಒಡೆದುಕೊಳ್ಳುವುದಿಲ್ಲವೇ? ಅದೇ ಸಿಟ್ಟಿನಲ್ಲಿ ಅವಳು ಮೆಕ್ಯಾನಿಕ್ ಜಂಗ್ಲಿಸಾಬನಿಗೆ ಫೋನ್ ಮಾಡಿದಳು.

"ಬಣ್ಣ ಇಲ್ದಿದ್ರೂ ಗಾಡಿ ಓಡತೈತ್ರಿ ಸಿಸ್ಟರ್ರ," ಅಂದ ಜಂಗ್ಲಿಸಾಬ್. "ಕೆಳಗಿನ ರಬ್ಬರ್ ಪ್ಯಾಕಿಂಗ್ ನೆಟ್ಟಗ ಕುಂತ್ರ ಸಾಕು. ಮೇಲಿನ ಕಲರ್ ಅರ್ಧ ಒಣಗಿದ್ರೂ ಇಂಜಿನ್ ಬಿಸಿಗೆ ಉಳಿದದ್ದು ತಾನ ಒಣಗತೈತಿ. ಒಂದು ತಾಸಿನ ಕೆಲಸಕ್ಕ ಮೂರು ದಿನ ಮಾಡಾಕತ್ಯಾರ, ಏನ್ ಹೇಳಬೇಕ್ರಿ ನಿಮ್ಮ ಯಜಮಾನ್ರಿಗೆ!"

ಇವತ್ತು ಭಾನುವಾರ, ಅಮಾವಾಸ್ಯೆ. ಮಾಳಿಂಗರಾಯನಿಗೆ ರಜೆ. ನಸುಕಿಗೇ ಎದ್ದು ಮೂರನೆಯ ಸಲ ಬಣ್ಣ ಹೊಡೆದಿದ್ದ. ದೂಳು ಬಾರದ ಜಾಗವೆಂದು ದೇವರ ಕೋಣೆಗೆ ಒಯ್ದು, ಒಂದು ಮಣೆಯ ಮೇಲೆ ಕವರನ್ನು ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಬಂದಿದ್ದ. ಈಗ ಹೊತ್ತು ಹತ್ತು ಗಂಟೆ, ಇನ್ನೂ ಹಸಿಯಂತೆ.

ರೇಣುಕಾದೇವಿ ಒಲೆ ಆರಿಸಿ ಎದ್ದಳು.

"ನಂಗ ಕಾರ್ ಕೊಡಾಕ ಮನಸಿಲ್ಲಂತ ಬಾಯಿಬಿಟ್ಟು ಹೇಳಿಬಿಡ್ರಿ. ಆ ತಗಡನ್ನ ಯಾಕ ಗೋಳ ಹೊಯ್ಕೋತೀರಿ?"

"ಹಂಗೇನಿಲ್ಲಲೇ. ಒಣಗಲಿ. ಮುಂದಿನ ವಾರ..."

"ಮುಂದಿನ ವಾರ ಆ ವಾರ್ಡು ನನ್ನ ಕೈಯಾಗ ಇರೂದಿಲ್ಲ! ಹತ್ತು ವರ್ಷ ಕಾದೀನಿ ನಾನು!"

ಅಷ್ಟರಲ್ಲಿ ದೇವರ ಕೋಣೆಯಿಂದ ಗಂಟೆಯ ಸದ್ದು ಬಂತು. ಗಂಡಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಓಡಿದರು.

ಒಳಗೆ ಅತ್ತೆ ಗ್ಯಾನಮ್ಮ ಮಿಂದು, ಒದ್ದೆ ಕೂದಲು ಗಂಟು ಹಾಕಿಕೊಂಡು ಕೂತಿದ್ದಳು. ಅಮಾವಾಸ್ಯೆ ಬಂದರೆ ಆ ಮನೆಯಲ್ಲಿ ಕಬ್ಬಿಣವೆನ್ನುವುದಕ್ಕೆಲ್ಲ ಪೂಜೆ. ಬೈಕಿಗೆ, ಕುಡಗೋಲಿಗೆ, ಹೊಲಿಗೆ ಮಿಷಿನ್ನಿಗೆ, ಕಡೆಗೆ ಮಿಕ್ಸಿಗೂ. ಅಂಥದ್ದರಲ್ಲಿ ದೇವರ ಮುಂದೆ, ಮಣೆಯ ಮೇಲೆ, ಕೆಂಪಗೆ ಹೊಳೆಯುತ್ತ ಕೂತದ್ದನ್ನು ಬಿಟ್ಟಾಳೆಯೇ? ಮಗನಿಗೆ ಹೆಸರಿಟ್ಟ ಮನೆದೇವರು ಮಾಳಿಂಗರಾಯನ ಭಂಡಾರವನ್ನು, ಆ ಹಳದಿ ಅರಿಶಿನ ಪುಡಿಯನ್ನು, ಒಂದು ಚಿಟಿಕೆಯಲ್ಲ, ಒಂದು ಮುಷ್ಟಿ ತುಂಬ ತೂರಿದ್ದಳು. ಹಸಿ ಬಣ್ಣದ ಮೇಲೆ ಬಿದ್ದ ಭಂಡಾರ ಬಿದ್ದಲ್ಲೇ ಕಚ್ಚಿಕೊಂಡಿತ್ತು. ನಡುವೆ ಅವಳ ಐದು ಬೆರಳೂ ಅಚ್ಚೊತ್ತಿದ್ದವು.

"ಯವ್ವಾ!" ಎಂದು ಚೀರಿದ ಮಾಳಿಂಗರಾಯ. "ಏನ್ ಮಾಡಿದಿ ಬೇ ಇದು! ಮೂರನೇ ಸಲ ಹೊಡದೀನಿ!"

"ಪೂಜಿ ಮಾಡೀನಪಾ. ನೀನ ತಂದು ಮಣಿ ಮ್ಯಾಲೆ ಇಟ್ಟಿ, ಪೂಜಿಗಲ್ಲದ ಮತ್ಯಾಕ ಇಡತಾರ?" ಗ್ಯಾನಮ್ಮ ಕೈಗೆ ಅಂಟಿದ ಕೆಂಪು ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು. ಸೆರಗೂ ಹೋಯಿತು.

ರೇಣುಕಾದೇವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಳಿಂಗರಾಯ ಮಾತ್ರ ತಡಮಾಡಲಿಲ್ಲ. "ಆಯ್ತು, ಎಲ್ಲಾ ಕೆರೀಬೇಕು ಈಗ. ಇನ್ನೊಂದು ವಾರ ಹಿಡೀತು," ಎಂದು ಎಮರಿ ಪೇಪರು ತಂದ. ಅವನ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿದ್ದಂತೆ ಅವಳಿಗೆ ಕೇಳಿಸಿತು.

"ಏನ್ ಕೆರೀತೀ?" ಎಂದಳು ಗ್ಯಾನಮ್ಮ. "ದೇವರ ಭಂಡಾರ ಕೆರದು ಒಗೀತೀಯೇನು?"

ಮಾಳಿಂಗರಾಯನ ಕೈ ಅಲ್ಲೇ ನಿಂತಿತು. ಗಣಿಗೆ ಇಳಿಯುವಾಗ ಅಂಗಿಯ ಕಿಸೆಯಲ್ಲಿ ಭಂಡಾರದ ಪೊಟ್ಟಣವಿಲ್ಲದೆ ಅವನು ಲಿಫ್ಟಿಗೆ ಕಾಲಿಟ್ಟವನಲ್ಲ. ಒಮ್ಮೆ ಪೊಟ್ಟಣ ಮರೆತನೆಂದು ಅರ್ಧ ದಾರಿಯಿಂದ ವಾಪಸು ಬಂದು ಪಾಳಿಯನ್ನೇ ಕಳೆದುಕೊಂಡಿದ್ದ. ಅಂಥವನು ಎಮರಿ ಪೇಪರು ಹಿಡಿದು ಕವರನ್ನು ನೋಡಿದ, ಗೋಡೆಯ ಮೇಲಿನ ದೇವರ ಪಟವನ್ನು ನೋಡಿದ, ಎಮರಿ ಪೇಪರನ್ನು ಮೆಲ್ಲಗೆ ಕೆಳಗಿಟ್ಟ.

"ಮತ್ತ ಕಾರಿನ ಗಾಲಿ ಕೆಳಗೂ ನಾಕು ನಿಂಬಿಹಣ್ಣು ಇಟ್ಟೀನಿ," ಎಂದಳು ಗ್ಯಾನಮ್ಮ. "ತೆಂಗಿನಕಾಯಿ ಒಡದೀನಿ. ಹೊತ್ತು ಮುಳುಗೂದ್ರೊಳಗ ಗಾಡಿ ನಿಂಬಿಹಣ್ಣು ದಾಟಬೇಕು. ಪೂಜಿ ಮಾಡಿದ್ದನ್ನ ನಿಲ್ಲಸಬಾರದು."

ಇದನ್ನೆಲ್ಲ ತಿಳಿಯದೆ ಮಾಡಿದ್ದೋ, ಬೇಕೆಂದೇ ಮಾಡಿದ್ದೋ? ಸೊಸೆ ಅತ್ತೆಯ ಮುಖ ನೋಡಿದಳು. ಗ್ಯಾನಮ್ಮ ಗಂಟೆ ಒರೆಸುವುದರಲ್ಲಿ ಮಗ್ನಳಾಗಿದ್ದಳು.

ಆಮೇಲೆ ನಡೆದ ಕೆಲಸಕ್ಕೆ ಜಂಗ್ಲಿಸಾಬ್ ಹೇಳಿದಂತೆ ಒಂದೇ ತಾಸು ಹಿಡಿಯಿತು. ರೇಣುಕಾದೇವಿ ಫೋನನ್ನು ಬಾನೆಟ್ಟಿನ ಅಂಚಿಗೆ ಇಟ್ಟುಕೊಂಡಳು. ಜಂಗ್ಲಿಸಾಬ್ ಆ ಕಡೆಯಿಂದ ಹೇಳುತ್ತ ಹೋದ, ಮಾಳಿಂಗರಾಯ ಮುಖ ಗಂಟಿಕ್ಕಿಕೊಂಡು ಬಣ್ಣವಿಲ್ಲದ ಅಂಚು ಹಿಡಿದು ಕವರನ್ನು ಕೂರಿಸಿದ. "ನಡುವಿನ ಬೋಲ್ಟಿಂದ ಶುರು ಮಾಡ್ರಿ, ಅಡ್ಡಡ್ಡ ಬಿಗೀರಿ, ಒಮ್ಮೆಲೆ ಜೋರ ಮಾಡಬ್ಯಾಡ್ರಿ," ಅಂದ ಜಂಗ್ಲಿಸಾಬ್. ಗಾಯಕ್ಕೆ ಹೊಲಿಗೆ ಹಾಕಿ ಪಳಗಿದ ಕೈ ಅವಳದು, ಸ್ಪ್ಯಾನರ್ ಅವಳೇ ಹಿಡಿದಳು. ಕೆಂಪು ಮುಚ್ಚಳದ ಮೇಲೆ ಹಳದಿಯ ಐದು ಬೆರಳು, ಇಂಜಿನ್ನಿನ ತಲೆಯ ಮೇಲೆ ಯಾರೋ ಕೈಯಿಟ್ಟು ಹರಸಿದ ಹಾಗೆ ಕಾಣುತ್ತಿತ್ತು.

"ಕೀಲಿ ಕೊಡ್ರಿ," ಎಂದಳು.

ಮಾಳಿಂಗರಾಯ ಉಡದಾರದ ಮೇಲೆ ಕೈಯಿಟ್ಟುಕೊಂಡು ನಿಂತ. ಬಿಚ್ಚಲಿಲ್ಲ.

"ನಿಂಬಿಹಣ್ಣು ನಾ ದಾಟಸತೀನಿ. ನಾಳಿ ಬಸ್ಸಿಗೆ ಹೋಗು. ಡಾಕ್ಟರಮ್ಮಗ ನಾ ಮಾತಾಡತೀನಿ."

"ಅದ್ಯಾಕ?"

"ಲೇ, ಆ ರೋಡು ನೋಡೀಯಿಲ್ಲ? ಸಿಂಧನೂರ ಕಡಿಂದ ಭತ್ತದ ಲಾರಿ ಹೆಂಗ ಬರತಾವ! ನಸುಕಿನ್ಯಾಗ ಡ್ರೈವರುಗೋಳು ನಿದ್ದಿಗಣ್ಣಾಗ ಇರತಾರ. ನಂಗ... ನಂಗ ಹೆದರಿಕಿ ಬರತೈತಿ. ಅದಕ್ಕ ಬಿಚ್ಚಿಟ್ಟೀನಿ ಆ ಕವರ್ನ. ಸಾಕಾ?"

ಎಂಟು ತಿಂಗಳ ನೆವಗಳೆಲ್ಲ ಒಂದೇ ಮಾತಿನಲ್ಲಿ ಹೊರಗೆ ಬಿದ್ದವು. ರೇಣುಕಾದೇವಿಯ ಸಿಟ್ಟು ಇಳಿಯಲಿಲ್ಲ, ಆದರೆ ದನಿ ಇಳಿಯಿತು.

"ಹದಿನಾಲ್ಕು ವರ್ಷ ಆತು ನೀವು ಭೂಮಿ ಒಳಗ ಇಳಿಯಾಕ ಹತ್ತಿ. ದಿನಾ ನೀವು ಮ್ಯಾಲೆ ಬರೂತನಕ ನನ್ನ ಜೀವ ಕೈಯಾಗ ಇರತೈತಿ. ಅಲ್ಲಿ ವಾರ್ಡಿನ್ಯಾಗ ಸೂಜಿ ಹಿಡದಾಗೂ ಅದ ಚಿಂತಿ. ಹಂಗಂತ ಒಂದು ದಿನಾರ ನಿಮ್ಮ ಬೂಟು ಮುಚ್ಚಿಟ್ಟೀನೇನ್ರಿ?"

ಮಾಳಿಂಗರಾಯ ಆ ಕಡೆ ತಿರುಗಿ ನಿಂತು, ಅಂಗಿ ಎತ್ತಿ, ಉಡದಾರದ ಗಂಟು ಬಿಚ್ಚತೊಡಗಿದ. ಎಂಟು ತಿಂಗಳ ಗಂಟು, ಬೆವರಿಗೆ ಬಿಗಿದುಕೊಂಡಿತ್ತು. ಕೊನೆಗೆ ಹಲ್ಲು ಕಚ್ಚಿ ಎಳೆದ.

ಇಂಜಿನ್ನು ಮೊದಲ ಸಲಕ್ಕೇ ಹತ್ತಿತು. ಬಾನೆಟ್ಟಿನ ಸಂದಿಯಿಂದ ಬಣ್ಣ ಕಾದ ವಾಸನೆ, ಅದರ ಹಿಂದೆಯೇ ಸುಟ್ಟ ಅರಿಶಿನದ ವಾಸನೆ ಬಂತು. ನಾಲ್ಕು ನಿಂಬೆಹಣ್ಣೂ ಪಿಚಕ್ಕೆಂದವು.

ಮರುದಿನ ಮಸ್ಕಿಯ ಆಸ್ಪತ್ರೆಯ ಮುಂದೆ ಅವಳು ಕಾರು ನಿಲ್ಲಿಸಿದಾಗ ಏಳಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಸೀಟಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು. ನೋಡಿದರೆ ದಾರಿಯಲ್ಲಿ ಆರು ಸಲ ಬಂದಿತ್ತು, ಇದು ಏಳನೆಯದು.

"ಮುಟ್ಟಿದ್ಯಾ?" ಹಟ್ಟಿಯಿಂದ ಮಾಳಿಂಗರಾಯನ ದನಿ. ಹಿಂದೆ ಲಿಫ್ಟಿನ ಗಂಟೆ ಬಾರಿಸುತ್ತಿತ್ತು.

"ಗಾಡಿ ಓಡಸುವಾಗ ಫೋನ್ ಮಾಡತಾರೇನ್ರಿ ಯಾರಾರ!" ಎಂದು ಅವಳು ರೇಗಿದಳು. ಆಮೇಲೆ ಕೀಲಿಕೈ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಮುಟ್ಟೀನಿ. ಇಳೀರಿ ನೀವು. ಮ್ಯಾಲೆ ಬಂದ ಕೂಡಲೆ ಫೋನ್ ಮಾಡ್ರಿ."